ಹೂಳಿನ ಸಾಕ್ಷ್ಯ

ಕೆರೆಯ ಗೋಡು ನಮ್ಮ ರೈತನಿಗೆ ಬೇಸಿಗೆಯಲ್ಲಿ ಗಾಡಿಗೆ ತುಂಬಿ ಹೊಲಕ್ಕೆ ಸಾಗಿಸುವ ಗೊಬ್ಬರ. ಯಾರೂ ಹೀಗೆ ಎತ್ತದೆ ಬಿಟ್ಟ ಸರೋವರಗಳಲ್ಲಾದರೋ ಅದು ಪದರದ ಮೇಲೆ ಪದರವಾಗಿ ಕೂರುತ್ತ ಹೋಗುತ್ತದೆ. ಉದ್ದನೆಯ ಕೊಳವೆಯೊಂದನ್ನು ಕೆಸರಿನೊಳಗಿಳಿಸಿ ಮೇಲೆತ್ತಿದರೆ ಸಾವಿರಾರು ವರ್ಷಗಳ ಮಣ್ಣು ಕಂಬದಂತೆ ಹೊರಬರುತ್ತದೆ. ಅಡಿಯದು ಹಳೆಯದು, ಮೇಲಿನದು ಹೊಸದು.

ಈ ಕಂಬದಲ್ಲಿ ಓದಬೇಕಾದುದು ಹೂಗಳ ಪರಾಗವನ್ನು. ಗಾಳಿಯಾಡದ ಕೆಸರಿನಲ್ಲಿ ಅದರ ಹೊರಕವಚ ಸುಲಭವಾಗಿ ಕೊಳೆಯದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಕಾರದಿಂದಲೇ ಗಿಡದ ಗುರುತು ಹತ್ತುತ್ತದೆ. ಮುಸುಕಿನ ಜೋಳದ ಪರಾಗ ದಪ್ಪನೆಯದು, ದೂರ ಹಾರಲಾರದು. ಮರಗಳ ಪರಾಗ ಕಡಿಮೆಯಾಗಿ ಅದು ಕಾಣಿಸಿಕೊಂಡಿತೆಂದರೆ ಸಮೀಪದಲ್ಲೇ ಕಾಡು ಕಡಿದು ಹೊಲ ಮಾಡಿದರೆಂದು ಅರ್ಥ. ಇದ್ದಿಲಿನ ಕಣಗಳು ಬೆಂಕಿಯನ್ನು ತಿಳಿಸುತ್ತವೆ. ಕಾಲನಿರ್ಣಯಕ್ಕೆ ಕಾರ್ಬನ್-14 ಇದೆ. ಆದರೆ ಇಲ್ಲೊಂದು ತೊಡಕುಂಟು: ಗುಡ್ಡದಿಂದ ಕೊಚ್ಚಿಬಂದ ಹಳೆಯ ಮಣ್ಣಿನಲ್ಲಿ ಹಳೆಯ ಇಂಗಾಲವೂ ಬೆರೆತಿದ್ದು, ಪದರವನ್ನು ಅದರ ನಿಜವಾದ ವಯಸ್ಸಿಗಿಂತ ಮುದಿಯಾಗಿ ತೋರಿಸಬಹುದು.

ಇಂಥ ಹೂಳಿನ ಮೇಲೆ ನಡೆದ ಒಂದು ವಿವಾದ ನನಗೆ ಬಹಳ ಅರ್ಥವತ್ತಾಗಿ ಕಂಡಿದೆ. ಮೆಕ್ಸಿಕೋದಲ್ಲಿ 2,000 ಮೀಟರಿಗೂ ಎತ್ತರದಲ್ಲಿರುವ ಪಾಟ್ಸ್ಕುವಾರೊ ಸರೋವರಕ್ಕೆ ಹೊರಹರಿವ ನದಿಯಿಲ್ಲ. ಸುತ್ತಣ ಗುಡ್ಡಗಳಿಂದ ಇಳಿದ ಮಣ್ಣೆಲ್ಲ ಅಲ್ಲೇ ತಂಗಬೇಕು. ಅದರ ದಡದಲ್ಲಿ ಪುರೆಪೆಚಾ ಜನರ ರಾಜಧಾನಿಯಿತ್ತು. ಅವರಿಗೆ ನೇಗಿಲಿಲ್ಲ, ಎತ್ತಿಲ್ಲ. ಅಗೆಯುವ ಕೋಲಿನಿಂದಲೇ ಬೇಸಾಯ. 1522ರಲ್ಲಿ ಸ್ಪೇನಿನವರು ಬಂದರು, ಅವರ ಹಿಂದೆ ನೇಗಿಲೂ ದನಕುರಿಗಳೂ ಬಂದವು. ನೆಲ ಕೆಟ್ಟದ್ದು ಅಲ್ಲಿಂದಾಚೆಗೆ ಎಂಬುದು ಬಹುಕಾಲದ ನಂಬಿಕೆ.

1993ರಲ್ಲಿ ಸಾರಾ ಒ'ಹಾರಾ ಮತ್ತು ಇಬ್ಬರು ಸಹೋದ್ಯೋಗಿಗಳು ಸರೋವರದ ತಳದಿಂದ ತೆಗೆದ ಕಂಬಗಳನ್ನು ಪರೀಕ್ಷಿಸಿ ಬೇರೆಯೇ ಮಾತು ಹೇಳಿದರು: ಸ್ಪೇನಿನವರಿಗಿಂತ ಮೊದಲೇ ಮಣ್ಣು ಭಾರಿಯಾಗಿ ಕೊಚ್ಚಿಹೋಗಿತ್ತು, ನೇಗಿಲಿನಿಂದ ಅದೇನೂ ಹೆಚ್ಚಲಿಲ್ಲ. ಆದುದರಿಂದ ಹಳೆಯ ಬೇಸಾಯಕ್ಕೆ ಮರಳಿದರೆ ನೆಲ ಉಳಿದೀತೆಂಬ ಆಶೆಗೆ ಆಧಾರವಿಲ್ಲ ಎಂದರು. ಆ ಸರೋವರದ ಸುತ್ತ ಪುರೆಪೆಚಾ ಭಾಷೆಯನ್ನಾಡುವ ಒಕ್ಕಲುಗಳು ಇಂದಿಗೂ ಇವೆ. ತಮ್ಮ ಪೂರ್ವಿಕರೇ ನೆಲಗೇಡಿಗಳು ಎಂಬ ತೀರ್ಪು ಅವರಿಗೆ ಬರಿಯ ವಿದ್ವತ್ತಿನ ಸಂಗತಿಯಲ್ಲ.

ಹತ್ತು ವರ್ಷಗಳ ಬಳಿಕ, 2003ರಲ್ಲಿ, ಕ್ರಿಸ್ಟೋಫರ್ ಫಿಶರ್, ಹೆಲೆನ್ ಪೊಲಾರ್ಡ್ ಮೊದಲಾದವರು ಈ ಮೊಕದ್ದಮೆಯನ್ನು ಮತ್ತೆ ತೆರೆದರು. ಅವರು ಹೂಳಿನ ಜೊತೆಗೆ ನೆಲವನ್ನೂ ಅಗೆದು ನೋಡಿದರು. ಮೊದಲ ಕೊಚ್ಚಣೆ ಜನ ಬಂದು ನೆಲೆಸಿದ್ದರ ಫಲ, ಬೇಸಾಯದ್ದಲ್ಲ ಎಂದು ಕಂಡಿತು. ವಿಚಿತ್ರವೆಂದರೆ, ಜನಸಂಖ್ಯೆ ಏರಿದ ಕಾಲದಲ್ಲಿ ಮಣ್ಣಿನ ಸವಕಳಿ ತಗ್ಗಿತ್ತು. ಜನ ಅಳಿದ ಮೇಲೆ ಹೆಚ್ಚಿತ್ತು.

ಕಾರಣ ನಮ್ಮ ಮಲೆನಾಡಿನ ಒಕ್ಕಲಿಗನಿಗೂ ತಿಳಿಯುವಂಥದು. ಇಳಿಜಾರಿನ ಮೆಟ್ಟಿಲು ಹೊಲಕ್ಕೆ ಪ್ರತಿ ಮಳೆಗಾಲದ ನಂತರವೂ ಕೈ ಬೇಕು, ಕುಸಿದ ಬದುವನ್ನು ಎತ್ತಿ ಕಟ್ಟಬೇಕು. ಸ್ಪೇನಿನವರೊಡನೆ ಬಂದ ಸಿಡುಬು ಮೊದಲಾದ ರೋಗಗಳು ಆ ಕೈಗಳನ್ನೇ ಒಯ್ದವು. ಆಕ್ರಮಣವೇ ನೆಲವನ್ನು ಕೆಡಿಸಿತೆಂಬುದು ಹಾಗಾದರೆ ಸುಳ್ಳಲ್ಲ, ಕೆಡಿಸಿದ್ದು ನೇಗಿಲಿನಿಂದಲ್ಲ ಅಷ್ಟೆ. ನನಗೆ ಈ ಎರಡನೆಯ ಓದೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಎಷ್ಟು ಮಣ್ಣು ಯಾವಾಗ ಬಂತೆಂದು ಸರೋವರ ಹೇಳೀತು. ಯಾರ ಹೊಲದ ಬದು ಒಡೆದು ಬಂತೆಂದು ತಿಳಿಯಲು ಗುಡ್ಡವನ್ನೇ ಹತ್ತಬೇಕಾಯಿತು.