ನಿಮಗಿದು ಗೊತ್ತೆ? ಗೇರ್ ನಾಬ್ ಎಳೆಯುವುದಲ್ಲ, ತಿರುಗಿಸುವುದು!

ಕಾರಿನ ಗೇರ್ ನಾಬ್ ಸವೆದಾಗ ಅದನ್ನು ಬಲವಾಗಿ ಮೇಲಕ್ಕೆಳೆದು ಕೀಳಬೇಕೆನಿಸುವುದು ಸಹಜ. ಆದರೆ ಅನೇಕ ಮ್ಯಾನುಯಲ್ ಕಾರುಗಳಲ್ಲಿ ಅದು ಲಿವರ್‌ನ ಥ್ರೆಡ್ ಮೇಲೆ ನಟ್ಟಿನಂತೆ ಕೂತಿರುತ್ತದೆ. ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಕಳಚಿಕೊಳ್ಳುತ್ತದೆ. ಈ ಥ್ರೆಡ್ಡಿನ ಅಳತೆಯೂ ಎಲ್ಲ ಕಾರುಗಳಲ್ಲಿ ಒಂದೇ ಅಲ್ಲ: ಹೋಂಡಾದಲ್ಲಿ ಸಾಮಾನ್ಯವಾಗಿ 10 ಮಿ.ಮೀ., ಟೊಯೋಟಾದಲ್ಲಿ 12 ಮಿ.ಮೀ. ಆದ್ದರಿಂದಲೇ ಒಂದರ ನಾಬ್ ಇನ್ನೊಂದಕ್ಕೆ ಕೂರುವುದಿಲ್ಲ.

ಹಾಗಾದರೆ ಎಲ್ಲ ಕಾರಿಗೂ ತಿರುಗಿಸುವುದೇ ಮದ್ದೇ ಎಂದು ಕೇಳಬಹುದು. ಅಲ್ಲ. ಕೆಲವು ನಾಬ್‌ಗಳ ಬದಿಯಲ್ಲಿ ಪುಟ್ಟ ಸ್ಕ್ರೂ ಇರುತ್ತದೆ. ಕೆಲವನ್ನು ಲಿವರ್‌ನ ಬುಡ ಮುಚ್ಚಿದ ಲೆದರ್ ಹೊದಿಕೆಯ ಒಳಗೆ ಕ್ಲ್ಯಾಂಪ್ ಹಿಡಿದಿರುತ್ತದೆ. ಆಟೊಮ್ಯಾಟಿಕ್ ಕಾರಿನ ನಾಬ್‌ನೊಳಗೆ ಬಟನ್, ಕ್ಲಿಪ್, ಒಮ್ಮೊಮ್ಮೆ ವೈರ್ ಕೂಡ ಇರುವುದರಿಂದ ತಿರುಚಿದರೆ ಮುರಿಯುವುದೇ ಹೆಚ್ಚು. ಎಳೆದರೇನೇ ಬರುವ ನಾಬ್‌ಗಳೂ ಉಂಟು ನಿಜ. ಆದರೆ ಅವು ತಟ್ಟನೆ ಕಳಚಿ ಮುಖಕ್ಕೆ ಬಡಿಯಬಹುದು. ನಾಬ್ ಬಿಗಿದಿದ್ದರೆ ಇಕ್ಕಳವೇ ಗತಿಯೆಂಬ ವಾದವೂ ಸರಿಯಲ್ಲ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಒಳಗೆ ಅಂಟಿದ್ದರೆ ಸಡಿಲಗೊಳ್ಳಬಹುದು. ಇಕ್ಕಳ ನಾಬ್‌ನ ಲೆದರನ್ನು ಹರಿದುಹಾಕುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಕೈಪಿಡಿ ನೋಡಿ, ಆಮೇಲೆ ಕೈಹಾಕಿ.