ಹೋಬಳಿಯಷ್ಟೂ ಇಲ್ಲದ ನೆಲ, ನಾಲ್ಕು ಕರ್ನಾಟಕದಷ್ಟು ಕಡಲು

ಪೆಸಿಫಿಕ್ ಸಾಗರದ ನಡುವಿರುವ ತುವಾಲು ಬ್ರಿಟಿಷರಿಂದ ಸ್ವತಂತ್ರವಾದದ್ದು 1978ರ ಅಕ್ಟೋಬರ್ 1ರಂದು. ಅದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವಾದದ್ದು ಮಾತ್ರ 2000ದ ಸೆಪ್ಟೆಂಬರ್‌ನಲ್ಲಿ. ಇಪ್ಪತ್ತೆರಡು ವರ್ಷ ಹೊರಗುಳಿಯಲು ದೊಡ್ಡ ಕಾರಣ ಖರ್ಚು. ನ್ಯೂಯಾರ್ಕಿನಲ್ಲಿ ಕಚೇರಿ ಹಿಡಿದು, ರಾಯಭಾರಿಯನ್ನು ಇರಿಸಿ, ವರ್ಷವರ್ಷ ವಂತಿಗೆ ಕಟ್ಟುವಷ್ಟು ದುಡ್ಡು ಆ ಬೊಕ್ಕಸದಲ್ಲಿ ಇರಲಿಲ್ಲ. ಕೊನೆಗೆ ಅದು ಒದಗಿಬಂದದ್ದು ಇಂಟರ್‌ನೆಟ್ಟಿನಿಂದ. ವೆಬ್ ವಿಳಾಸಗಳ ತುದಿಯಲ್ಲಿ ಭಾರತಕ್ಕೆ 'ಡಾಟ್ ಇನ್' ಸಿಕ್ಕಂತೆ ತುವಾಲುವಿಗೆ 'ಡಾಟ್ ಟಿವಿ' ಸಿಕ್ಕಿತ್ತು. ಟೆಲಿವಿಷನ್ ಕಂಪನಿಗಳಿಗೆಲ್ಲ ಬೇಕಾದ ವಿಳಾಸ ಅದು. 2000ದಲ್ಲಿ ಅಮೆರಿಕದ ಕಂಪನಿಯೊಂದು ಹನ್ನೆರಡು ವರ್ಷಗಳಿಗೆ 5 ಕೋಟಿ ಡಾಲರ್ ಕೊಡುವುದಾಗಿ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ತುವಾಲು ವಿಶ್ವಸಂಸ್ಥೆಯ 189ನೇ ಸದಸ್ಯನಾಗಿ ಕುರ್ಚಿ ಹಿಡಿಯಿತು.

ತುವಾಲು ಎಂದರೆ ಹೊರಗಿನವರಿಗೆ ನೆನಪಾಗುವುದು ಇದಲ್ಲ. 2021ರ ಹವಾಮಾನ ಸಮ್ಮೇಳನಕ್ಕಾಗಿ ಆಗಿನ ಸಚಿವ ಸೈಮನ್ ಕೋಫೆ ಸೂಟಿನಲ್ಲಿ, ಪ್ಯಾಂಟು ಮಡಚಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತು ಮಾತಾಡಿದ ದೃಶ್ಯ ಲೋಕವನ್ನೆಲ್ಲ ಸುತ್ತಿತು. ಲೋಕದ ಕಣ್ಣಿಗೆ ಅದು 'ಮುಳುಗುವ ದೇಶ'. ಆ ಅಪಾಯ ನಿಜ, ಅದನ್ನು ಕಡಿಮೆ ಮಾಡಿ ಹೇಳುವ ಹಕ್ಕು ನಮಗಿಲ್ಲ. ಆದರೆ ಸುಮಾರು ಹನ್ನೊಂದು ಸಾವಿರ ಜನ ಹೆಚ್ಚುಕಡಿಮೆ ಏನೂ ಬೆಳೆಯದ ಮರಳಿನ ಮೇಲೆ ಒಂದು ಸರ್ಕಾರ, ಒಂದು ಸಂಸತ್ತು, ಒಂದು ಬಜೆಟ್ಟನ್ನು ನಾಲ್ಕೂವರೆ ದಶಕಗಳಿಂದ ಹೇಗೆ ನಡೆಸಿಕೊಂಡು ಬಂದರು ಎಂಬುದನ್ನು ಯಾರೂ ಕೇಳುವುದಿಲ್ಲ. ನನಗೆ ಮುಳುಗುವ ಕತೆಗಿಂತ ಈ ಸಂಸಾರ ತೂಗಿಸಿದ ಕತೆ ದೊಡ್ಡದು ಅನ್ನಿಸುತ್ತದೆ.

ಆಸ್ಟ್ರೇಲಿಯಾಕ್ಕೂ ಹವಾಯಿಗೂ ಸುಮಾರು ಮಧ್ಯದಲ್ಲಿ, ಫಿಜಿಯಿಂದ ಉತ್ತರಕ್ಕೆ, ಒಂಬತ್ತು ದ್ವೀಪಗಳು ಸಾಲಾಗಿ ಬಿದ್ದಿವೆ. ಒಟ್ಟು ನೆಲ 26 ಚದರ ಕಿಲೋಮೀಟರ್. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರ್ ದಾಟುವುದಿಲ್ಲ. ರಾಜಧಾನಿ ಫುನಾಫುಟಿ ಇರುವುದು ಹವಳದ ಉಂಗುರದ ಮೇಲೆ; ಒಳಗೆ ಸುಮಾರು 275 ಚದರ ಕಿಲೋಮೀಟರಿನ ಶಾಂತ ಲಗೂನ್, ಹೊರಗೆ ಆಳ ಕಡಲು, ನಡುವೆ ಹಲವೆಡೆ ಒಂದು ರಸ್ತೆಗಷ್ಟೇ ಜಾಗವಿರುವ ಪಟ್ಟಿ. ನಮ್ಮ ಲಕ್ಷದ್ವೀಪವೂ ಇದೇ ಜಾತಿಯ ನೆಲ. ಅದರ ಅಮೀನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು 1956ರವರೆಗೆ ಮಂಗಳೂರಿನ ಆಡಳಿತಕ್ಕೆ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ, ಸೇರಿದ್ದವು.

ಇಂಥ ಉಂಗುರಗಳು ಹುಟ್ಟುವುದು ಹೇಗೆ ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ ಒಂದು ವಿವರಣೆ ಕೊಟ್ಟಿದ್ದ: ಜ್ವಾಲಾಮುಖಿ ಬೆಟ್ಟ ನಿಧಾನಕ್ಕೆ ಕುಸಿಯುತ್ತ ಹೋಗುತ್ತದೆ, ಅದರ ಅಂಚಿಗೆ ಅಂಟಿಕೊಂಡ ಹವಳ ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ, ಬೆಟ್ಟ ಮಾಯವಾದ ಮೇಲೂ ಉಂಗುರ ಉಳಿಯುತ್ತದೆ. ಇದು ಸರಿಯೇ ಎಂದು ನೋಡಲು ಲಂಡನ್ನಿನ ರಾಯಲ್ ಸೊಸೈಟಿ 1896ರಿಂದ 1898ರವರೆಗೆ ಮೂರು ಸಲ ಫುನಾಫುಟಿಗೆ ತಂಡ ಕಳಿಸಿ ಬೋರು ಕೊರೆಸಿತು. 1,114 ಅಡಿ ಇಳಿದರೂ ಹವಳದ ಸುಣ್ಣವೇ ಸಿಕ್ಕಿತೇ ಹೊರತು ಬೆಟ್ಟದ ಕಲ್ಲು ಸಿಗಲಿಲ್ಲ. ಡಾರ್ವಿನ್ ಹೇಳಿದ್ದು ಖಾತ್ರಿಯಾದದ್ದು 1952ರಲ್ಲಿ, ಮಾರ್ಷಲ್ ದ್ವೀಪಗಳಲ್ಲಿ ಬೋರು ನಾಲ್ಕು ಸಾವಿರ ಅಡಿ ದಾಟಿ ಜ್ವಾಲಾಮುಖಿ ಕಲ್ಲು ಮುಟ್ಟಿದಾಗ. ಎಂದರೆ, ತುವಾಲುವಿನ ಜನ ವಾಸವಾಗಿರುವುದು ಜೀವಿಗಳು ಕಟ್ಟಿದ, ಇನ್ನೂ ಕಟ್ಟುತ್ತಲೇ ಇರುವ ನೆಲದ ಮೇಲೆ. ಹವಳ ಬದುಕಿದ್ದರೆ ನೆಲಕ್ಕೂ ಆಯುಸ್ಸು.

ಇಂಥ ನೆಲದಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಮಳೆ ನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗೆ ತೇಲಿ ನಿಲ್ಲುತ್ತದೆ. ಆ ಪದರದವರೆಗೆ ಗುಂಡಿ ತೋಡಿ ಅದರಲ್ಲಿ 'ಪುಲಾಕ' ಬೆಳೆಯುವುದು ಇಲ್ಲಿನ ಹಳೆಯ ಬೇಸಾಯ. ಪುಲಾಕ ಎಂದರೆ ನಮ್ಮ ಕೆಸುವಿನ ಸಂಬಂಧಿ. ಎಲೆ ಆಳೆತ್ತರ, ಗೆಡ್ಡೆ ಬಲಿಯಲು ವರ್ಷಗಳೇ ಬೇಕು. ಪ್ರತಿ ಗಿಡದ ಬುಡಕ್ಕೂ ಗರಿಯ ಬುಟ್ಟಿ ಹೆಣೆದು, ಒಳಗೆ ತರಗೆಲೆ ತುಂಬಿ, ಕೊಳೆತಂತೆಲ್ಲ ಮತ್ತೆ ತುಂಬುತ್ತ ಬರುತ್ತಾರೆ. ಎಂದರೆ ಮಣ್ಣನ್ನೂ ಅವರೇ ತಯಾರಿಸಿಕೊಳ್ಳಬೇಕು. ಗುಂಡಿಗಳು ಮನೆತನದ ಆಸ್ತಿ. ಅದರ ಜೊತೆಗೆ ತೆಂಗು, ಜೀಗುಜ್ಜೆ, ಬಾಳೆ, ಮೀನು. ತೆಂಗಿನ ಹೊಂಬಾಳೆಯಿಂದ ಇಳಿಸಿದ ಸಿಹಿ ರಸವನ್ನು ಕುದಿಸಿ ಮಾಡುವ ಪಾಕ. ಇಷ್ಟರಲ್ಲೇ ಅವರು ಶತಮಾನಗಳನ್ನು ಕಳೆದರು. ಈಗ ಹಲವು ಗುಂಡಿಗಳಿಗೆ ಉಪ್ಪು ನುಗ್ಗಿದೆ. ದೊಡ್ಡ ಉಬ್ಬರದ ದಿನಗಳಲ್ಲಿ ನೀರು ದಡ ಹತ್ತಿ ಬರುವುದಷ್ಟೇ ಅಲ್ಲ, ಹವಳದ ತೂತುಗಳಿಂದ ಅಂಗಳದ ನಡುವೆಯೇ ಗುಳುಗುಳು ಉಕ್ಕುತ್ತದೆ. ಅದಕ್ಕೆ ತಡೆಗೋಡೆ ಕಟ್ಟಿ ಪ್ರಯೋಜನವಿಲ್ಲ. ಗೆಡ್ಡೆ ಕೊಳೆತ ಮನೆಯವರು ಅಕ್ಕಿ, ಮೈದಾಹಿಟ್ಟು, ಡಬ್ಬಿ ಮಾಂಸ ಕೊಳ್ಳುತ್ತಾರೆ; ಇವೆಲ್ಲ ಹಡಗಿನಲ್ಲಿ ಬರಬೇಕು. ಕುಡಿಯಲು ಸೂರಿನ ಮಳೆ ನೀರು, ಟ್ಯಾಂಕು. 2011ರಲ್ಲಿ ತಿಂಗಳುಗಟ್ಟಲೆ ಮಳೆ ಕೈಕೊಟ್ಟಾಗ ತುರ್ತು ಪರಿಸ್ಥಿತಿ ಘೋಷಿಸಿ, ರಾಜಧಾನಿಯಲ್ಲಿ ಮನೆಗೆ ದಿನಕ್ಕೆ ಎರಡು ಬಕೆಟ್ಟಿನಂತೆ ನೀರು ಅಳೆದು ಕೊಟ್ಟರು. ಸುತ್ತ ಕಣ್ಣು ಹಾಯಿಸಿದಷ್ಟೂ ಕಡಲು.

ಆದರೆ ಆ ಕಡಲೇ ಅವರ ಬೊಕ್ಕಸ. ಅಂತಾರಾಷ್ಟ್ರೀಯ ಕಾನೂನಿನ ಪ್ರಕಾರ ಕರಾವಳಿಯಿಂದ 200 ನಾಟಿಕಲ್ ಮೈಲಿವರೆಗಿನ ಮೀನು, ಖನಿಜಗಳ ಹಕ್ಕು ಆಯಾ ದೇಶದ್ದು. ದ್ವೀಪಗಳು ಚದುರಿ ಬಿದ್ದಿರುವುದರಿಂದ ತುವಾಲುವಿಗೆ ಸಿಕ್ಕಿರುವ ಕಡಲು ಸುಮಾರು ಏಳೂವರೆ ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ನಾಲ್ಕರಷ್ಟು. ಅದರಲ್ಲಿ ಟ್ಯೂನಾ ಮೀನಿನ ಹಿಂಡುಗಳು ಓಡಾಡುತ್ತವೆ. ಮೊದಲು ದೂರದ ಶ್ರೀಮಂತ ದೇಶಗಳ ಹಡಗುಗಳು ಬಂದು ಹಿಡಿದು, ಮೀನಿನ ಬೆಲೆಯಲ್ಲಿ ಚಿಲ್ಲರೆ ಪಾಲು ಕೊಟ್ಟು ಹೋಗುತ್ತಿದ್ದವು. ಒಂದು ದ್ವೀಪ ಹೆಚ್ಚು ಕೇಳಿದರೆ ಪಕ್ಕದ ದ್ವೀಪಕ್ಕೆ ಹೋದರಾಯಿತು. ಇದನ್ನು ತಡೆಯಲು 1982ರಲ್ಲಿ ಒಡಂಬಡಿಕೆ ಮಾಡಿಕೊಂಡ ಪೆಸಿಫಿಕ್ ದೇಶಗಳ ಕೂಟ ಮುಂದೆ ಎಂಟು ದೇಶಗಳದ್ದಾಯಿತು. ತುವಾಲು, ಕಿರಿಬಾಟಿ, ನೌರು, ಪಪುವಾ ನ್ಯೂಗಿನಿ ಇತ್ಯಾದಿ. 2007ರ ಹೊತ್ತಿಗೆ ಈ ಕೂಟ ಹೊಸ ಲೆಕ್ಕ ತಂದಿತು. ಮೀನನ್ನಲ್ಲ, ದಿನವನ್ನು ಮಾರುವುದು. ವರ್ಷಕ್ಕೆ ಒಟ್ಟು ಎಷ್ಟು ಹಡಗು-ದಿನ ಮೀನು ಹಿಡಿದರೆ ಸಂತತಿಗೆ ಧಕ್ಕೆ ಇಲ್ಲ ಎಂದು ಲೆಕ್ಕ ಹಾಕಿ, ಅದನ್ನು ತಮ್ಮೊಳಗೆ ಹಂಚಿಕೊಂಡು, ಒಂದು ಹಡಗಿಗೆ ಒಂದು ದಿನಕ್ಕೆ ಕನಿಷ್ಠ ಇಷ್ಟು ಎಂದು ದರ ಕಟ್ಟಿದರು. ಆ ಕನಿಷ್ಠ ದರ ಬರಬರುತ್ತ 8,000 ಅಮೆರಿಕನ್ ಡಾಲರಿಗೆ ಏರಿತು. ತುವಾಲುವಿನ ಸರ್ಕಾರಕ್ಕೆ ಈಗ ಅತಿ ದೊಡ್ಡ ಆದಾಯ ಇದೇ. ಬಡ ದೇಶಗಳು ಒಗ್ಗಟ್ಟಾಗಿ ಬೆಲೆ ಕಟ್ಟಿ ಗೆದ್ದದ್ದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆಲ್ಲೂ ನನಗೆ ಕಂಡಿಲ್ಲ. ತುವಾಲುವಿನ ಈಗಿನ ಪ್ರಧಾನಿ ಫೆಲೆಟಿ ಟಿಯೊ ಕೂಡ ಈ ಭಾಗದ ಟ್ಯೂನಾ ಮೀನುಗಾರಿಕೆಯನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಆಯೋಗದ ಮುಖ್ಯಸ್ಥರಾಗಿದ್ದವರು.

ದುಡ್ಡನ್ನು ಕಾಪಾಡಿಕೊಂಡ ರೀತಿಯೂ ಅಷ್ಟೇ ಜಾಣತನದ್ದು. 1987ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್‌ಗಳ ನೆರವಿನಿಂದ ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರಿನ ತುವಾಲು ಟ್ರಸ್ಟ್ ಫಂಡ್ ಸ್ಥಾಪನೆಯಾಯಿತು. ತುವಾಲುವಿಗೆ ತನ್ನದೇ ನೋಟು ಇಲ್ಲ. ನಡೆಯುವುದೆಲ್ಲ ಆಸ್ಟ್ರೇಲಿಯದ ಡಾಲರು. ಫಂಡಿನ ನಿಯಮ ಸರಳ: ಅಸಲು ಮುಟ್ಟಬಾರದು, ಬೆಲೆಯೇರಿಕೆಗೆ ತಕ್ಕಂತೆ ಅಸಲು ಬೆಳೆಯಲೇಬೇಕು, ಅದರ ಮೇಲೆ ಮಿಕ್ಕಿದ್ದು ಮಾತ್ರ ಸರ್ಕಾರಕ್ಕೆ. ಆಡಳಿತ ಮಂಡಳಿಯಲ್ಲಿ ದಾನಿ ದೇಶಗಳೂ ಇರುವುದರಿಂದ ಚುನಾವಣೆ ಬಂತೆಂದು ಒಬ್ಬ ಮಂತ್ರಿ ಕೈಹಾಕುವಂತಿಲ್ಲ. ನೆರೆಯ ನೌರುವಿನ ಹಣೆಬರಹ ಇವರ ಕಣ್ಣೆದುರಿಗೇ ಇತ್ತು. ಫಾಸ್ಫೇಟ್ ಗಣಿಯಿಂದ ಒಂದು ಕಾಲಕ್ಕೆ ತಲಾದಾಯದಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿದ್ದ ಆ ದ್ವೀಪ, ಹೊರದೇಶಗಳ ಹೋಟೆಲು, ವಿಮಾನ, 1993ರಲ್ಲಿ ಲಂಡನ್ನಿನ ಒಂದು ಸಂಗೀತ ನಾಟಕದವರೆಗೆ ಎಲ್ಲೆಲ್ಲೋ ದುಡ್ಡು ಸುರಿದು ಬರಿಗೈಯಾಯಿತು.

ಇನ್ನುಳಿದ ಆದಾಯದ ದಾರಿಗಳು ಬಂದು ಹೋದವು. ಕೊಬ್ಬರಿ ಕಾಲ ಮುಗಿಯಿತು. ಅಂಚೆಚೀಟಿ ಸಂಗ್ರಾಹಕರಿಗೆ ಚೀಟಿ ಮಾರಿ ಸ್ವಲ್ಪ ವರ್ಷ ಗಳಿಸಿದರು. ಅಮಾಟುಕು ಎಂಬ ನಡುಗಡ್ಡೆಯ ತರಬೇತಿ ಶಾಲೆಯಲ್ಲಿ ಕಲಿತ ಹುಡುಗರು ಹಡಗುಗಳಲ್ಲಿ ದುಡಿದು ಮನೆಗೆ ಹಣ ಕಳಿಸಿದರು. 2008ರ ಆರ್ಥಿಕ ಕುಸಿತದ ನಂತರ ಆ ಕೆಲಸಗಳೂ ಕರಗಿದವು. ಪ್ರವಾಸೋದ್ಯಮ ಇಲ್ಲವೆನ್ನಬಹುದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಹಾಕಿದ ರನ್‌ವೇಯಲ್ಲೇ ಫಿಜಿಯಿಂದ ವಾರಕ್ಕೆ ಕೆಲವು ವಿಮಾನ ಬರುತ್ತವೆ. ಸೈರನ್ ಕೂಗಿದಾಗ ಜನ ಪಕ್ಕಕ್ಕೆ ಸರಿಯುತ್ತಾರೆ. ವಿಮಾನ ಹೋದ ಮೇಲೆ ಸಂಜೆ ಅಲ್ಲೇ ಫುಟ್‌ಬಾಲು, ವಾಲಿಬಾಲು. ಊರಿನಲ್ಲಿ ಅಷ್ಟು ಅಗಲದ ಬಯಲು ಬೇರೆ ಇಲ್ಲ. ಆ ರನ್‌ವೇಗೆ ಮಣ್ಣು ತೆಗೆದ ಅಮೆರಿಕನ್ನರು ಬಿಟ್ಟುಹೋದ ಹೊಂಡಗಳು ಎಪ್ಪತ್ತು ವರ್ಷ ಕಸ, ಕೊಳಚೆ ತುಂಬಿಕೊಂಡಿದ್ದವು. 2015ರಲ್ಲಿ ನ್ಯೂಜಿಲೆಂಡ್ ನೆರವಿನಿಂದ ಮರಳು ತುಂಬಿ ಮುಚ್ಚಿದಾಗ ದೇಶಕ್ಕೆ ಒಂದಿಷ್ಟು ನೆಲ ವಾಪಸು ಸಿಕ್ಕಿತು.

ಸರ್ಕಾರದ ವಿಷಯಕ್ಕೆ ಬಂದರೆ, ರಾಷ್ಟ್ರದ ಮುಖ್ಯಸ್ಥ ಬ್ರಿಟನ್ನಿನ ದೊರೆ, ಅವರ ಪರವಾಗಿ ಒಬ್ಬ ಗವರ್ನರ್ ಜನರಲ್. ಸಂಸತ್ತಿನಲ್ಲಿ ಹದಿನಾರು ಮಂದಿ, ಎಂಟು ಕ್ಷೇತ್ರಗಳಿಂದ ಇಬ್ಬಿಬ್ಬರು. ಒಂಬತ್ತನೆಯ ಪುಟ್ಟ ದ್ವೀಪ ನಿಯುಲಕಿಟಾ ಇನ್ನೊಂದರ ಜೊತೆ ಸೇರಿಕೊಂಡಿದೆ. ರಾಜಕೀಯ ಪಕ್ಷಗಳೇ ಇಲ್ಲ. ಗೆದ್ದವರು ರಾಜಧಾನಿಯಲ್ಲಿ ಸೇರಿ ತಮ್ಮೊಳಗೊಬ್ಬನನ್ನು ಪ್ರಧಾನಿ ಮಾಡುತ್ತಾರೆ. ಒಬ್ಬಿಬ್ಬರು ಆಚೀಚೆಯಾದರೆ ಸರ್ಕಾರ ಬೀಳುತ್ತದೆ, ಅನೇಕ ಸಲ ಬಿದ್ದಿದೆ. 2024ರ ಜನವರಿ ಚುನಾವಣೆಯ ನಂತರ ಹವಾಮಾನ ಕೆಟ್ಟು, ಹೊರದ್ವೀಪಗಳ ಸದಸ್ಯರು ದೋಣಿ ಹತ್ತಿ ಬರಲಾಗದೆ, ಪ್ರಧಾನಿ ಆಯ್ಕೆ ವಾರಗಟ್ಟಲೆ ನಿಂತಿತ್ತು. ದ್ವೀಪದ ಮಟ್ಟದಲ್ಲಿ ಮಾತ್ರ ಆಡಳಿತ ಗಟ್ಟಿ. ಫಲೆಕೌಪುಲೆ ಎಂಬ ಹಿರಿಯರ ಸಭೆಗೆ 1997ರ ಕಾಯ್ದೆಯೇ ಅಧಿಕಾರ ಕೊಟ್ಟಿದೆ; ಅದರ ಕೆಳಗೆ ಚುನಾಯಿತ ಕೌನ್ಸಿಲು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಜಾಣ್ಮೆಯಿಂದ ಕಟ್ಟಿದ ವ್ಯವಸ್ಥೆಗೆ ಒಂದು ಗಂಟು ಉಂಟು. ಮೀನಿನ ದುಡ್ಡು ಬರುವುದು ಕಡಲಿನ ಹಕ್ಕಿನಿಂದ. ಕಡಲಿನ ಹಕ್ಕನ್ನು ಅಳೆಯುವುದು ನೆಲದ ಅಂಚಿನಿಂದ. ಆ ಅಂಚು ನೀರಿಗೆ ಹೋದರೆ? ತುವಾಲು ಹತ್ತಾರು ವರ್ಷಗಳಿಂದ ಹೋರಾಡುತ್ತಿರುವುದು ಇದಕ್ಕೇ. ಒಮ್ಮೆ ಗುರುತಿಸಿದ ಸಾಗರ ಗಡಿ ಸಮುದ್ರ ಏರಿದರೂ ಬದಲಾಗದು ಎಂದು 2021ರಲ್ಲಿ ಪೆಸಿಫಿಕ್ ದೇಶಗಳ ವೇದಿಕೆ ಘೋಷಿಸಿತು. 2023ರಲ್ಲಿ ತುವಾಲು ತನ್ನ ಸಂವಿಧಾನವನ್ನೇ ತಿದ್ದಿ, ನೆಲ ಹೋದರೂ ರಾಷ್ಟ್ರ ಶಾಶ್ವತವಾಗಿ ಇರುತ್ತದೆ ಎಂದು ಬರೆದುಕೊಂಡಿತು. 2025ರ ಜುಲೈನಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ, ಒಮ್ಮೆ ನಿಗದಿಯಾದ ಗಡಿರೇಖೆಗಳನ್ನು ಸಮುದ್ರ ಏರಿತೆಂದು ಬದಲಿಸಬೇಕಾಗಿಲ್ಲ, ನೆಲ ಹೋದ ಮಾತ್ರಕ್ಕೆ ರಾಷ್ಟ್ರ ಇಲ್ಲವಾಗಬೇಕಿಲ್ಲ ಎಂದು ಅಭಿಪ್ರಾಯ ಕೊಟ್ಟಿತು. ಇದು ಸಲಹಾ ಅಭಿಪ್ರಾಯ ಮಾತ್ರ. ಆದರೂ ಹನ್ನೊಂದು ಸಾವಿರ ಜನರ ಹಠಕ್ಕೆ ಸಿಕ್ಕ ದೊಡ್ಡ ಬಲ.

ಇನ್ನು ನೆಲದ ಮಾತು. 2018ರಲ್ಲಿ ಪ್ರಕಟವಾದ ನ್ಯೂಜಿಲೆಂಡ್ ಸಂಶೋಧಕರ ಅಧ್ಯಯನದ ಪ್ರಕಾರ, 1971ರಿಂದ 2014ರ ನಡುವೆ ತುವಾಲುವಿನ ಒಟ್ಟು ನೆಲ ಶೇ 2.9ರಷ್ಟು ಹೆಚ್ಚಿದೆ, ಅಲೆಗಳು ಹವಳದ ಚೂರುಗಳನ್ನು ತಂದು ದಡಕ್ಕೆ ಒಟ್ಟಿವೆ. ಹವಾಮಾನ ಬದಲಾವಣೆಯನ್ನು ನಂಬದವರು ಇದನ್ನು ಎತ್ತಿ ತೋರಿಸುತ್ತಾರೆ. ಆದರೆ ದಡಕ್ಕೆ ಬಂದ ಚೂರು ಪುಲಾಕದ ಗುಂಡಿಯ ಉಪ್ಪನ್ನು ತೆಗೆಯುವುದಿಲ್ಲ, ನಡುಮನೆಗೆ ಬರುವ ನೀರನ್ನೂ ತಡೆಯುವುದಿಲ್ಲ. ಮೂವತ್ತು ವರ್ಷಗಳಲ್ಲಿ ಅಲ್ಲಿ ಸಮುದ್ರ ಸುಮಾರು 15 ಸೆಂಟಿಮೀಟರ್ ಏರಿದೆ ಎಂದು ನಾಸಾ ವಿಜ್ಞಾನಿಗಳು 2023ರಲ್ಲಿ ಹೇಳಿದರು. ಆದರೂ ನೆಲವನ್ನು ಅವರು ಕೈಬಿಟ್ಟಿಲ್ಲ; ಆ ಹೊತ್ತಿಗೆ ಫುನಾಫುಟಿಯ ಲಗೂನಿನಿಂದ ಮರಳು ಎತ್ತಿ 7.8 ಹೆಕ್ಟೇರಿನಷ್ಟು, ಎತ್ತರಿಸಿದ ಹೊಸ ನೆಲ ಮಾಡುವ ಕೆಲಸ ನಡೆದಿತ್ತು. ಇಂಗಾಲ ಉಗುಳಿದ ದೇಶಗಳು ಇದರ ಖರ್ಚನ್ನು ಭಿಕ್ಷೆಯೆಂದು ಕೊಡದೆ ಸಾಲ ತೀರಿಸಿದಂತೆ ಕೊಡಬೇಕು.

ಕೆಲವರು ಹೊರಡುತ್ತಿದ್ದಾರೆ ಎಂಬುದೂ ನಿಜ. 2023ರ ನವೆಂಬರಿನಲ್ಲಿ ಸಹಿಯಾದ ಫಲೆಪಿಲಿ ಒಪ್ಪಂದದಂತೆ ಆಸ್ಟ್ರೇಲಿಯಾ ವರ್ಷಕ್ಕೆ 280 ಮಂದಿಗೆ ಲಾಟರಿ ಎತ್ತಿ ವಾಸದ ವೀಸಾ ಕೊಡುತ್ತದೆ. 2025ರ ಮೊದಲ ಲಾಟರಿಗೆ ಮನೆಮಂದಿಯೆಲ್ಲ ಸೇರಿ 8,750 ಜನರ ಹೆಸರು ಬಂತು. ಇದು ಜನಸಂಖ್ಯೆಯ ಐದರಲ್ಲಿ ನಾಲ್ಕು ಪಾಲು. ಈ ವೀಸಾಗಳಿಗೆ ಬದಲಾಗಿ, ಬೇರೆ ದೇಶಗಳ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಳ್ಳುವಾಗ ತುವಾಲು ಆಸ್ಟ್ರೇಲಿಯದ ಒಪ್ಪಿಗೆ ಪಡೆಯಬೇಕು. ಇದು ಸ್ವಾತಂತ್ರ್ಯದ ಮೇಲೆ ಹಿಡಿತ ಎಂದು ಮಾಜಿ ಪ್ರಧಾನಿ ಎನೆಲೆ ಸೊಪೊಆಗಾ ಟೀಕಿಸಿದರು. ನನಗೂ ಆ ಷರತ್ತು ಭಾರವೆನ್ನಿಸುತ್ತದೆ. ಆದರೆ ಹೆಸರು ಬರೆಸಿದವರೆಲ್ಲ ಊರು ಬಿಟ್ಟೇಬಿಟ್ಟರು ಎಂದು ಓದುವುದು ತಪ್ಪು. ಈ ವೀಸಾ ಪಡೆದವರು ಆಸ್ಟ್ರೇಲಿಯದಲ್ಲೇ ಇರಬೇಕೆಂಬ ಕಟ್ಟುಪಾಡು ಇಲ್ಲ, ಬೇಕಾದಾಗ ಹೋಗಿ ಬರಬಹುದು. ವೈಟುಪು ದ್ವೀಪದವರು 1940ರ ದಶಕದಲ್ಲೇ ಚಂದಾ ಕೂಡಿಸಿ ಫಿಜಿಯಲ್ಲಿ ಕಿಯೋವಾ ಎಂಬ ದ್ವೀಪವನ್ನು ಕೊಂಡುಕೊಂಡರು. ಅಲ್ಲಿ ಇವತ್ತಿಗೂ ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಇತ್ತ ವೈಟುಪುವೂ ಖಾಲಿಯಾಗಿಲ್ಲ.