ಸಿಳ್ಳಿನ ಅರ್ಥ

ನಮ್ಮ ಬಾಯಿಂದ ಹೊರಡುವ ಧ್ವನಿಗಳಲ್ಲಿ ವರ್ಣಮಾಲೆಗೆ ಸಿಕ್ಕದ ಧ್ವನಿಯೊಂದುಂಟು. ಅದೇ ಸಿಳ್ಳು. ಅದಕ್ಕೆ ಅಕ್ಷರವಿಲ್ಲ, ಆದರೆ ಅರ್ಥವಿಲ್ಲವೆನ್ನಲಾದೀತೆ?

ಸಿಳ್ಳು, ಸಿಳ್ಳೆ, ಶಿಳ್ಳೆ ಎಂಬಿವು ಒಂದೇ ಮಾತಿನ ರೂಪಗಳು. ಸೀಟಿ ಉತ್ತರದ ಭಾಷೆಗಳಿಂದ ಬಂದದ್ದು, ವಿಷಲ್ ಇಂಗ್ಲಿಷಿನದು. ನೆರೆಯ ತಮಿಳರು ಸೀಳ್ಕೈ ಎನ್ನುತ್ತಾರೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲದ ಕಡೆಯವರಿಗೆ ಆ ಮಾತು ತೀರ ಹೊಸದಲ್ಲ.

ಒಂದೇ ಸದ್ದು ಇದ್ದೆಡೆಗೆ ತಕ್ಕಂತೆ ಅರ್ಥವನ್ನು ಬದಲಿಸುತ್ತದೆ. ದನ ನೀರು ಕುಡಿಯುವಾಗ ರೈತನು ಮೆಲ್ಲಗೆ ಹಾಕುವ ಸಿಳ್ಳು ಉಪಚಾರದ ಮಾತು. ಅಡಿಗೆಮನೆಯಲ್ಲಿ ‘ಮೂರು ವಿಷಲ್ ಬರಲಿ’ ಎಂದರೆ ಅದು ಕಾಲದ ಅಳತೆ. ನಾಟಕದ ಕೊಟ್ಟಿಗೆಯಲ್ಲಿ ಅದೇ ಮೆಚ್ಚುಗೆ; ನಟನು ಮಾತು ಮರೆತರೆ ಅದೇ ಅಪಹಾಸ್ಯ.

ಕಾಡಿನಲ್ಲಿಯೂ ಸಿಳ್ಳಿಗೆ ಕೆಲಸವುಂಟು. ಯಳಂದೂರಿನ ಮೇಲಿನ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ಹನೂರಿನ ಕಡೆಯ ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ. ಇಲ್ಲಿನ ಸೀಳುನಾಯಿಯ ಹೆಸರು ಕೇಳಿದವರು, ಬೇಟೆಯನ್ನು ಸೀಳುವುದೊಂದನ್ನೇ ನೆನೆಯುತ್ತಾರೆ. ಆದರೆ ಅದು ಸಿಳ್ಳು ಹಾಕುವ ಪ್ರಾಣಿಯೂ ಹೌದು. ಪೊದೆಗಳಲ್ಲಿ ಚೆದುರಿದ ಹಿಂಡು ಸಿಳ್ಳಿನಿಂದಲೇ ಮತ್ತೆ ಕೂಡುತ್ತದೆ. ‘ನಾನಿಲ್ಲಿದ್ದೇನೆ, ನೀನೆಲ್ಲಿ?’ ಎಂಬುದೇ ಅದರ ತಾತ್ಪರ್ಯ. ತೊರೆಯ ಬಳಿ ಹಾಡುವ ಸಿಳ್ಳಾರ ಹಕ್ಕಿಗಾದರೋ, ‘ಸಿಳ್ಳು ಹಾಕುವ ಶಾಲಾ ಹುಡುಗ’ ಎಂದು ಇಂಗ್ಲಿಷರು ಅಡ್ಡಹೆಸರಿಟ್ಟರು.

ರಾತ್ರಿ ಮನೆಯಲ್ಲಿ ಸಿಳ್ಳು ಹಾಕಿದರೆ ಹಾವು ಬರುತ್ತದೆಂದು ಹಿರಿಯರು ಗದರಿಸುತ್ತಾರೆ. ಹಾವಿಗೆ ಕೇಳಿಸುವುದು ಬಹುಮಟ್ಟಿಗೆ ತಗ್ಗಿನ ಸದ್ದು, ನೆಲದ ನಡುಕ. ನಮ್ಮ ಸಿಳ್ಳಾದರೋ ಎತ್ತರದ ಸ್ವರ. ಹಾವಿಗಾಗಿ ಅಲ್ಲದಿದ್ದರೂ, ಮಲಗಿದವರ ನಿದ್ರೆಗಾಗಿ ಆ ಮಾತನ್ನು ನಡೆಸಿಕೊಳ್ಳಬಹುದು.

ಆದರೆ ಶಾಲೆಯಿಂದ ಬಸ್‌ಸ್ಟ್ಯಾಂಡಿಗೆ ನಡೆದುಹೋಗುವ ಹುಡುಗಿಯ ಬೆನ್ನ ಹಿಂದೆ ಕೇಳಿಬರುವ ಸಿಳ್ಳು ಉಪಚಾರವೂ ಅಲ್ಲ, ಮೆಚ್ಚುಗೆಯೂ ಅಲ್ಲ. ‘ನಾವೇನು ಅಂದೆವು? ಬರಿಯ ಸಿಳ್ಳು ತಾನೆ?’ ಎಂದು ಹುಡುಗರು ಕೇಳುವುದುಂಟು. ಅಕ್ಷರವಿಲ್ಲದ್ದು ಮಾತಲ್ಲವೆಂಬುದು ಅವರ ವಾದ. ಕಾನೂನು ಇದನ್ನು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 79ನೆಯ ಕಲಮು, ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡಿದ ಮಾತು, ಮಾಡಿದ ಸನ್ನೆಗಳಂತೆಯೇ ಹೊರಡಿಸಿದ ಸದ್ದನ್ನೂ ಅಪರಾಧವೆನ್ನುತ್ತದೆ. ಹಳೆಯ ದಂಡಸಂಹಿತೆಯ 509ನೆಯ ಕಲಮಿನಲ್ಲಿಯೂ ಇದೇ ಇತ್ತು.

ವ್ಯಾಕರಣವೂ ಕಾನೂನಿನ ಪಕ್ಷವೇ. ಅರ್ಥವು ಅಕ್ಷರದಲ್ಲಷ್ಟೇ ಇಲ್ಲ; ಹೇಳುವವನ ಮನಸ್ಸಿನಲ್ಲೂ ಕೇಳುವವರ ಎದೆಯಲ್ಲೂ ಇದೆ. ಮನೆಯ ಮಕ್ಕಳಿಗೆ ಸಿಳ್ಳು ಹಾಕುವುದನ್ನು ಕಲಿಸಬೇಕಾಗಿಲ್ಲ, ಅವರೇ ಕಲಿಯುತ್ತಾರೆ. ಅದು ಎಲ್ಲಿ ಮಾತಾಗುತ್ತದೆ, ಎಲ್ಲಿ ಬೈಗುಳಾಗುತ್ತದೆ ಎಂಬುದನ್ನು ಮಾತ್ರ ನಾವು ಕಲಿಸಬೇಕು.